ಮಡಿಬಟ್ಟೆಯಲ್ಲಿ ಸೋಸಿದ ನೀರು

ದಬ್ಬೇಘಟ್ಟದ ಕಡೆಯ ನಮ್ಮ ಹಳ್ಳಿಯಲ್ಲಿ ೧೯೭೯ರ ಬೇಸಿಗೆಗೆ ಕುಡಿಯುವ ನೀರಿನ ಬಾವಿ ಬತ್ತಿತು. ಹೆಂಗಸರು ಹೊಳೆಯ ಮರಳಿನಲ್ಲಿ ಒರತೆ ತೋಡಿ, ತೆಂಗಿನ ಚಿಪ್ಪಿನಿಂದ ನೀರು ಮೊಗೆದು ತರುತ್ತಿದ್ದರು. ಶಂಭುಲಿಂಗಯ್ಯನವರ ಹೆಂಡತಿ ಸಿದ್ದಗಂಗಮ್ಮ ಆ ನೀರನ್ನು ಮಡಿಬಟ್ಟೆಯಲ್ಲಿ ಎರಡು ಸಲ ಸೋಸದೆ ಯಾರಿಗೂ ಕೊಡುತ್ತಿರಲಿಲ್ಲ. ಮೂರು ವರ್ಷದ ಮೊಮ್ಮಗಳು ಗಿರಿಜಾಂಬಿಕಾಳಿಗಂತೂ ಅವರೇ ಕುಡಿಸಬೇಕು. ಹೆಸರು ಮಗುವಿಗಿಂತ ಉದ್ದ. ಮನೆಮಂದಿಗೆಲ್ಲ ಅವಳು ಗಿರಿಜಿ.

ಒಂದು ದಿನ ನರ್ಸ್ ಹಸೀನಾ ಬೇಗಂ ಬಂದು ಜಗಲಿಯಲ್ಲಿ ಕೂತರು.

“ಅಮ್ಮಾ, ಮೇಲ್ಗಡೆ ಸಂತೆಮಾಳದ ಕಸಾಯಿಖಾನೆಯವರು ರಕ್ತ, ಕರುಳು, ಸಗಣಿ ಎಲ್ಲಾ ಹೊಳೆಗೇ ಸುರೀತಾರೆ. ನೀರು ಕುದಿಸಿ, ಆರಿಸಿ ಕುಡೀರಿ.”

“ನಮ್ಮನೇಲಿ ಮಾಂಸ ಮುಟ್ಟೋರೇ ಇಲ್ಲ ಕಣಮ್ಮ. ಅವರ ಕೊಳೆ ನಮಗ್ಯಾಕೆ ಬತ್ತದೆ? ಮರಳು ಒಂದ್ಸಲ ಸೋಸ್ತದೆ, ನಾನು ಎರಡ್ಸಲ ಸೋಸ್ತೀನಿ. ಕುದಿಸಿದ ನೀರು ಬಾಣಂತೀರಿಗೆ ಬುಡು.”

“ಬಟ್ಟೆ ಕಸ ತಡೀತದೆ ಅಮ್ಮಾ. ಕಣ್ಣಿಗೆ ಕಾಣದ ರೋಗಾಣು ತಡೆಯೋದಿಲ್ಲ.”

ಸಿದ್ದಗಂಗಮ್ಮ ನಕ್ಕು, ಒಂದು ಹಿಡಿ ಕೊಬ್ಬರಿ, ಬೆಲ್ಲ ಕೊಟ್ಟು ಕಳಿಸಿದರು.

ಎಂಟು ದಿನಕ್ಕೆ ಗಿರಿಜಿಗೆ ವಾಂತಿಭೇದಿ ಹತ್ತಿಕೊಂಡಿತು. ಮಗು ನೀರು, ನೀರು ಅಂದಿತು. ಅಜ್ಜಿ ಅದೇ ಒರತೆಯ ನೀರನ್ನು, ಆವತ್ತು ಮೂರು ಸಲ ಸೋಸಿ, ತೊಡೆಯ ಮೇಲೆ ಮಲಗಿಸಿಕೊಂಡು ಕುಡಿಸಿದರು. ಗಾಡಿ ಕಟ್ಟಿ ಆಸ್ಪತ್ರೆಗೆ ಹೊರಟರೆ, ಅರ್ಧ ದಾರಿಯಲ್ಲೇ ಮಗುವಿನ ಕೈಕಾಲು ತಣ್ಣಗಾದವು. ಆ ಮನೆಯ ದುಃಖ ಬರೆಯಲು ನನಗೆ ಕೈ ಬರುವುದಿಲ್ಲ.

ಹಸೀನಾ ಬಂದಾಗ ಸಿದ್ದಗಂಗಮ್ಮ ಆ ಬಟ್ಟೆಯನ್ನು ಅವರ ಮುಂದೆ ಹಾಸಿದರು. “ನೋಡು ನರ್ಸಮ್ಮ, ಒಂದು ಕಲೆ ಐತಾ? ಚೆನ್ನಾಗೇ ಸೋಸಿದ್ನಲ್ಲಮ್ಮ!”

ಹಸೀನಾ ಸಿದ್ದಗಂಗಮ್ಮನ ಕೈ ಹಿಡಿದು ಅತ್ತರು. ಮಾರನೆಯ ದಿನ ಗಂಡ ಹೆಂಡತಿ ಇಬ್ಬರನ್ನೂ ಸಂತೆಮಾಳಕ್ಕೆ ಕರೆದುಕೊಂಡು ಹೋದರು. ಮೂಗು ಮುಚ್ಚದೆ ನಿಲ್ಲಲಾಗದ ನಾತ. ಹೊಳೆಯ ಮಡುವಿನಲ್ಲಿ ಕರುಳು ತೇಲುತ್ತಿತ್ತು. ಕುರಿ ಕಡಿಯುವ ಹುಚ್ಚರಂಗಯ್ಯ ತಲೆ ತಗ್ಗಿಸಿದ.

“ತಪ್ಪಾಯ್ತು ತಾಯಿ. ಹೂಳಾಕೆ ಯಾರೂ ಜಾಗ ಕೊಡಲ್ಲ. ನಮ್ಮ ಮಕ್ಕಳು ಕುಡಿಯೋದೂ ಇದೇ ನೀರು.”

ಶಂಭುಲಿಂಗಯ್ಯ ಅವನ ಹತ್ತಿರಕ್ಕೆ ಹೋದರು.

“ನಮ್ಮ ತೆಂಗಿನ ತೋಟದ ದಿಬ್ಬದ ಮೂಲೆ ಕೊಡ್ತೀನಿ. ಹೊಳೆಗೂ ದೂರ, ಬಾವಿಗೂ ದೂರ. ಆಳವಾಗಿ ಗುಂಡಿ ತೋಡಿ, ಸುಣ್ಣ ಹಾಕಿ, ನಾಯಿ ಕೆದಕದ ಹಂಗೆ ಮಣ್ಣು ಮುಚ್ಚು.”

“ನಿಮ್ಮ ತೋಟದಲ್ಲಾ ಸ್ವಾಮಿ?”

“ಹೂಂ ಕಣಪ್ಪ. ನನ್ನ ಮೊಮ್ಮಗಳನ್ನ ಮಲಗಿಸಿರೋದೂ ಆ ತೋಟದಲ್ಲೇ.”

ಸಿದ್ದಗಂಗಮ್ಮ ಈಗ ನೀರು ಕುದಿಸುತ್ತಾರೆ. ಅದು ಕುದಿಯುವಷ್ಟು ಹೊತ್ತೂ ಒಲೆಯ ಮುಂದೆ ಕೂತು ಅಳುತ್ತಾರೆ.

ಅಕ್ಕಂದಿರೇ, ಅಣ್ಣಂದಿರೇ, ಮಾಂಸ ತಿನ್ನುವವರಿಗೂ ತಿನ್ನದವರಿಗೂ ಹೊಳೆ ಒಂದೇ. ಕಡಿದ ಪ್ರಾಣಿಯ ಹೊಲಸನ್ನು ನೀರಿಗೆ ಹಾಕಬೇಡಿ. ಹಾಕುವವರನ್ನು ಬರೀ ಬೈದರೆ ಸಾಲದು, ಹೂಳಲು ಜಾಗ ಮಾಡಿಕೊಡಿ, ಪಂಚಾಯಿತಿಯನ್ನು ಕೇಳಿ. ನೀರನ್ನು ಕುದಿಸಿಯೇ ಕುಡಿಯಿರಿ. ಸಿದ್ದಗಂಗಮ್ಮನಿಗೆ ಒಬ್ಬರು ಮೊದಲೇ ಹೇಳಿದ್ದರು. ನಿಮಗೆ ಈಗ ನಾನು ಹೇಳಿದ್ದೇನೆ.