ಸಮುದ್ರಕ್ಕೆ ಹೊರಟ ಕೆಂಪು ಬಸ್ಸು

ನನ್ನ ಗಂಡ ಅನ್ಸೆಲ್ಮೊ ಬ್ಯೂನಸ್ ಐರಿಸ್‌ನ ದಕ್ಷಿಣದ ಬಡಾವಣೆಗಳಲ್ಲಿ ಜೀವನವಿಡೀ ಒಂದೇ ದಾರಿಯಲ್ಲಿ ಬಸ್ಸು ಓಡಿಸಿದವನು. ಹೆರ್ಲಿಯಿಂದ ವರೇಲಾ, ವರೇಲಾದಿಂದ ಹೆರ್ಲಿ. ಸಮುದ್ರ ತೋರಿಸುತ್ತೇನೆಂದು ಮದುವೆಯಾದ ವರ್ಷ ನನಗೆ ಮಾತು ಕೊಟ್ಟಿದ್ದ. ಪ್ರತಿ ಬೇಸಿಗೆಯಲ್ಲೂ ಯಾರದೋ ಬದಲಿ ಡ್ಯೂಟಿ ಬಂದು ಆ ಮಾತು ಮುಂದಕ್ಕೆ ಹೋಗುತ್ತಿತ್ತು. ಕೊನೆಗೆ ನಿವೃತ್ತನಾದ. ಮನೆಗೆ ತಂದದ್ದು ಮಾತ್ರ ರೈಲಿನ ಟಿಕೆಟನ್ನಲ್ಲ, ತಾನು ಮೊಟ್ಟಮೊದಲು ಓಡಿಸಿದ ಮುದಿ ಬಸ್ಸನ್ನು.

"ಇದ್ರಲ್ಲೇ ಹೋಗೋಣ ದೆಲ್ಮಿರಾ. ಮನೇನೇ ಎತ್ಕೊಂಡು ಹೋದಂಗೆ."

"ಇದ್ರಲ್ಲಾ? ಒಳಗೆ ಕೋಳಿ ಮೊಟ್ಟೆ ಇಟ್ಟಿದೆ ಕಣೋ!"

ನಿಜಕ್ಕೂ ಇಟ್ಟಿತ್ತು. ಗುಜರಿ ಅಂಗಳದಲ್ಲಿ ಅಷ್ಟು ಕಾಲ ಬಿದ್ದಿದ್ದ ಬಸ್ಸು ಅದು. ಚಳಿಗಾಲವಿಡೀ ಅನ್ಸೆಲ್ಮೊ ಅದರ ಹೊಟ್ಟೆಯೊಳಗೇ ಇದ್ದ. ತುಕ್ಕು ಹಿಡಿದ ಬೋಲ್ಟುಗಳಿಗೆ ಡೀಸೆಲ್ ಹುಯ್ದು, ಬೈದು, ಮತ್ತೆ ಹುಯ್ದು ಸೀಟುಗಳನ್ನು ಬಿಚ್ಚಿದ. ಪಕ್ಕದ ಮನೆಯ ವೆಲ್ಡರ್ ರೊಸೆಂದೊ ನೆಲದ ತೂತುಗಳಿಗೆ ತಗಡು ಹಾಕಿಕೊಟ್ಟ. ಹಿಂದಿನ ಉದ್ದ ಸೀಟಿದ್ದ ಜಾಗಕ್ಕೆ ಮಂಚ ಬಂತು, ಕಿಟಕಿಯಡಿ ಒಲೆ ಬಂತು, ಚಾವಣಿಯ ಮೇಲೆ ನೀರಿನ ಟ್ಯಾಂಕು ಕೂತಿತು. ಪರದೆ ನಾನೇ ಹೊಲಿದೆ. ಎಂಜಿನ್ನು ಕೆಮ್ಮಿ ಕೆಮ್ಮಿ ಸ್ಟಾರ್ಟ್ ಆದ ದಿನ ಬೀದಿಯವರೆಲ್ಲ ಚಪ್ಪಾಳೆ ತಟ್ಟಿದರು. ನಾನೂ ತಟ್ಟಿದೆ, ಸುಳ್ಳೇಕೆ ಹೇಳಲಿ.

ಜಗಳವಾದದ್ದು ಬಣ್ಣಕ್ಕೆ. ನಾನು ನೀಲಿ ಎಂದೆ. ಅವನು ತನ್ನ ಲೈನಿನ ಹಳೆಯ ಕೆಂಪು ಮತ್ತು ಕೆನೆ ಬಣ್ಣವನ್ನೇ ಬಳಿಸಿ, ಅದರ ಮೇಲೆ ಆ ಕಾಲದಂತೆಯೇ ಬಳ್ಳಿ, ಹೂವಿನ ಚಿತ್ತಾರ ಬರೆಸಿದ.

"ಬೇರೆ ಬಣ್ಣ ಹಚ್ಚಿದ್ರೆ ಇವಳಿಗೆ ಅವಮಾನ ಕಣೇ."

"ನಿಂಗೆ ಹೆಂಡ್ತಿ ಯಾರು? ನಾನಾ, ಇವಳಾ?"

ರೊಸೆಂದೊ ನಡುವೆ ಬಾಯಿ ಹಾಕಿದ. "ಅದೊಂದು ಕೇಳ್ಬೇಡಿ ಅಕ್ಕಾ. ಅವನು ಯೋಚ್ನೆ ಮಾಡೋಕೆ ಶುರು ಮಾಡ್ತಾನೆ."

ನಮ್ಮಲ್ಲಿ ಬೇಸಿಗೆ ಕಾಲಿಡುವ ನವೆಂಬರಿನ ಒಂದು ಬೆಳಿಗ್ಗೆ ಹೊರಟೆವು. ಎರಡು ಬೀದಿ ದಾಟಿರಲಿಲ್ಲ, ಸ್ಟಾಪಿನಲ್ಲಿ ನಿಂತಿದ್ದ ಒಬ್ಬ ಮುದುಕಿ ಕೆಂಪು ಬಣ್ಣ ನೋಡಿ ಕೈ ಚಾಚಿದಳು. ಕೈ ಚಾಚಿದವರನ್ನು ಬಿಟ್ಟು ಹೋಗುವ ಡ್ರೈವರನನ್ನು ನಮ್ಮ ಕಡೆ ಮನುಷ್ಯನ ಲೆಕ್ಕಕ್ಕೆ ಇಡುವುದಿಲ್ಲ. ಅನ್ಸೆಲ್ಮೊ ನಿಲ್ಲಿಸಿ ಬಾಗಿಲು ತೆಗೆದ.

"ಕಿಲ್ಮೆಸ್ ಆಸ್ಪತ್ರೆಗಪ್ಪಾ," ಎನ್ನುತ್ತ ಹತ್ತಿದವಳು ಒಳಗೆ ನೋಡಿ ನಿಂತಳು. "ಅಯ್ಯೋ, ಒಲೆ! ಈಗ ಬಸ್ಸಲ್ಲಿ ಅಡಿಗೇನೂ ಮಾಡ್ತಾರಾ?"

"ಇದು ಮನೆ ಅಮ್ಮಾ," ಎಂದೆ.

"ಒಳ್ಳೇದಾಯ್ತು," ಎಂದು ಮಂಚದ ಮೇಲೆ ಕೂತಳು.

ಒಬ್ಬಳಿಗೆ ನಿಲ್ಲಿಸಿದವನು ಎಲ್ಲರಿಗೂ ನಿಲ್ಲಿಸಿದ. ಕಿಲ್ಮೆಸ್ ತಲುಪುವಷ್ಟರಲ್ಲಿ ನಾನು ಇಸ್ತ್ರಿ ಮಾಡಿ ಹಾಸಿದ್ದ ಹೊದಿಕೆಯ ಮೇಲೆ ಒಬ್ಬ ಗಾರೆಯವನು ತನ್ನ ಕರಣೆ ಸಮೇತ ಕೂತಿದ್ದ. ನನಗೆ ಮೈಯೆಲ್ಲ ಉರಿಯುತ್ತಿತ್ತು. ಆದರೂ ಮನೆಗೆ ಬಂದವರನ್ನು ಸುಮ್ಮನೆ ಕೂರಿಸಲಾಗುತ್ತದೆಯೇ? ಸೋರೆ ಬುರುಡೆಗೆ ಚಹಾದಂಥ ಎರ್ಬಾ ಸೊಪ್ಪು ಹಾಕಿ, ಬಿಸಿನೀರು ಹುಯ್ದು, ಸರದಿಯಂತೆ ಎಲ್ಲರಿಗೂ ಕುಡಿಯಲು ಕೊಟ್ಟೆ. ವರೇಲಾದಲ್ಲಿ ಕೊನೆಯವನು ಇಳಿಯುತ್ತ, "ನಾಳೆ ಎಷ್ಟೊತ್ತಿಗೆ ಬರ್ತೀರಾ?" ಎಂದು ಬೇರೆ ಕೇಳಿದ.

ಅಲ್ಲಿಂದ ನೇರ ಹೋದರೆ ಸಮುದ್ರದ ಹೆದ್ದಾರಿ. ಅನ್ಸೆಲ್ಮೊ ಚೌಕ ಸುತ್ತಿ ಬಸ್ಸನ್ನು ಹೆರ್ಲಿಯ ಕಡೆಗೆ ತಿರುಗಿಸಿದ.

"ನಿಲ್ಸು," ಎಂದು ಕೂಗಿ ನನ್ನ ಚೀಲ ಎತ್ತಿಕೊಂಡೆ. "ಸಮುದ್ರ ನೋಡೋಕೆ ರೈಲಲ್ಲಿ ಹೋಗ್ತೀನಿ, ಒಬ್ಳೇ. ನೀನು ಇವಳ ಜೊತೆ ಸಂಸಾರ ಮಾಡ್ಕೊಂಡಿರು."

ಅವನು ಎಂಜಿನ್ನು ಆರಿಸಿದ.

"ಆ ಕಡೆ ನಾನು ಯಾವತ್ತೂ ಓಡ್ಸಿಲ್ಲ ಕಣೇ. ಇಲ್ಲೀವರೆಗೂ ಒಂದೊಂದು ಗುಂಡೀನೂ ಗೊತ್ತು. ಅಲ್ಲಿ ಮುಂದಿನ ಸ್ಟಾಪು ಎಲ್ಲಿ ಅಂತಾನೇ ಗೊತ್ತಿಲ್ಲ. ಭಯ ಆಗತ್ತೆ."

ಅವನ ಬಾಯಲ್ಲಿ ಆ ಮಾತನ್ನು ನಾನು ಎಂದೂ ಕೇಳಿರಲಿಲ್ಲ. ಪ್ರತಿ ಬೇಸಿಗೆಯ ಬದಲಿ ಡ್ಯೂಟಿಗಳನ್ನು ಇವನೇ ಕೇಳಿ ಹಾಕಿಸಿಕೊಳ್ಳುತ್ತಿದ್ದನೆಂದು ಆಗ ಹೊಳೆಯಿತು. ಕೋಪ ಬರಬೇಕಿತ್ತು. ಬಂದದ್ದು ಅಯ್ಯೋ ಎನ್ನುವ ಸಂಕಟ, ಅದರ ಬೆನ್ನಿಗೇ ಹೊಸದಾಗಿ ಮದುವೆಯಾದವಳಿಗೆ ಬರುವಂಥ ಪ್ರೀತಿ. ಚೀಲ ಕೆಳಗಿಟ್ಟು ಅವನ ಪಕ್ಕ ಹೋಗಿ ನಿಂತೆ.

"ತಿರುಗ್ಸು ಗಾಡೀನ. ಅಲ್ಲಿ ನೀಲಗಿರಿ ಮರ ಕಾಣ್ತಿದ್ಯಾ? ಅದೇ ಸ್ಟಾಪು."

"ಅಲ್ಲಿ ಯಾರೂ ಇಲ್ವಲ್ಲೇ."

"ಇಲ್ದಿದ್ರೆ ನಿಂಗೇನು? ನಿಲ್ಸು, ಬಾಗ್ಲು ತೆಗಿ, ಮುಚ್ಚು, ಹೊರಡು. ಇಷ್ಟು ವರ್ಷ ಮಾಡಿದ್ದು ಅದೇ ತಾನೇ?"

ನೀಲಗಿರಿ ಮರದಡಿ ನಿಲ್ಲಿಸಿ ಬಾಗಿಲು ತೆಗೆದ. ಗಾಳಿ ಮಾತ್ರ ಹತ್ತಿತು. ಮುಂದಿನ ಸ್ಟಾಪೆಂದು ಒಂದು ಪೆಟ್ರೋಲ್ ಬಂಕು ತೋರಿಸಿದೆ, ಆಮೇಲೆ ದನದ ದೊಡ್ಡಿಯ ಗೇಟು, ಆಮೇಲೆ ಕಲ್ಲಂಗಡಿ ಮಾರುವವನ ಗುಡಾರ. ಹಿಂದಿನ ಲಾರಿಯವರು ಹಾರ್ನು ಬಡಿದು ನಮ್ಮ ವಂಶವನ್ನೆಲ್ಲ ಜಾಲಾಡಿದರು. ನಾನು ಕಿಟಕಿಯಿಂದ ತಲೆ ಹೊರಗೆ ಹಾಕಿ ಅವರದನ್ನೂ ಜಾಲಾಡಿದೆ. ಅನ್ಸೆಲ್ಮೊ ನಗತೊಡಗಿದ.

ದೊಲೊರೆಸ್ ಊರಿನಲ್ಲಿ ಊಟ ಮುಗಿಸಿ ಹೊರಟ ಮೇಲೆ ಬಿಸಿಲಿಗೆ ನನಗೆ ಕಣ್ಣು ಎಳೆಯತೊಡಗಿತು. ಮುಂದಿನ ಸ್ಟಾಪು ಹೇಳುವ ಮೊದಲೇ ಮಂಚದ ಮೇಲೆ ನಿದ್ದೆ ಹೋದೆ.

ಎಚ್ಚರವಾದಾಗ ಕಿಟಕಿಯಿಂದ ಬರುತ್ತಿದ್ದ ಗಾಳಿಗೆ ತುಟಿಯ ಮೇಲೆ ಉಪ್ಪಿತ್ತು. ಗಾಬರಿಯಿಂದ ಎದ್ದು ಕೂತೆ.

"ಎಷ್ಟು ಕಡೆ ನಿಲ್ಲಿಸ್ದೆ?"

"ಒಂದು ಕಡೇನೂ ಇಲ್ಲ," ಎಂದ ಅನ್ಸೆಲ್ಮೊ. "ಬಾ ಇಲ್ಲಿ, ಮುಂದೆ ಬಂದು ನೋಡು."