ಬಿಲದ ಇನ್ನೊಂದು ಬಾಯಿ

ಜೋಳದ ತೆನೆಗೆ ಹಾಲು ತುಂಬುವ ಹೊತ್ತಿಗೆ ಸರಿಯಾಗಿ ಹೆಗ್ಗಣ ಬಂದರೆ ರೈತನ ಬಾಯಲ್ಲಿ ಒಳ್ಳೆಯ ಮಾತು ಉಳಿಯುವುದಿಲ್ಲ. ಈ ಕಥೆಯ ರೈತ ಆ ದಿನ ಬೆಳಿಗ್ಗೆ ಹೊಲಕ್ಕೆ ಇಳಿದಾಗ ಒಂದೇ ಸಾಲಿನಲ್ಲಿ ಹನ್ನೊಂದು ದಂಟು ಬುಡಕ್ಕೇ ಕಡಿದು ಬಿದ್ದಿದ್ದವು. ತಿಂದದ್ದು ಒಂದು ಪಾಲು, ಹಾಳು ಮಾಡಿದ್ದು ಮೂರು ಪಾಲು.

“ಹಸಿವಾದ್ರೆ ತಿನ್ಲಿ, ಬೇಡ ಅನ್ನಲ್ಲ! ಕಡಿದು ಬಿಸಾಕೋದು ಯಾವ ಸೊಕ್ಕು?” ಎಂದು ಬದುವಿಗೇ ಬೈದ. ಬದು ಏನು ಹೇಳೀತು? ಅದರ ಮೈತುಂಬಾ ಬಿಲ.

ಎಲ್ಲಕ್ಕಿಂತ ದೊಡ್ಡ ಬಿಲ ಇದ್ದದ್ದು ಅವನ ಮನೆಯ ಹಿಂಗೋಡೆಯಿಂದ ಹತ್ತು ಹೆಜ್ಜೆ ದೂರದಲ್ಲಿ. ಬಾಯಲ್ಲಿ ಹೊಸ ಮಣ್ಣಿನ ಗುಡ್ಡೆ. ಗೋಡೆಯ ಆ ಕಡೆ, ಹಿಂದಿನ ಕೋಣೆಯಲ್ಲಿ, ಅವನ ಬಾಣಂತಿ ಮಗಳು ಇಪ್ಪತ್ತು ದಿನದ ಕೂಸಿನ ಜೊತೆ ಮಲಗಿದ್ದಳು. ಆದರೆ ಅವನ ತಲೆಯಲ್ಲಿ ಆಗ ಮಗಳಿರಲಿಲ್ಲ, ಹೆಗ್ಗಣವೇ ತುಂಬಿತ್ತು.

ಅಂಗಿಯ ಜೇಬಿನಿಂದ ಕಾಗದದ ಪೊಟ್ಟಣ ತೆಗೆದ. ಒಳಗೆ ನಾಲ್ಕು ಬಿಡಿ ಮಾತ್ರೆ. “ಬಿಲಕ್ಕೆ ಹಾಕಿ, ಬಾಯಿ ಮುಚ್ಚಿ. ನಾಳೆಗೆ ಕಥೆ ಮುಗೀತು” ಎಂದಷ್ಟೇ ಅಂಗಡಿಯವನು ಹೇಳಿದ್ದ.

“ಏ ತಮ್ಮಾ! ಕೈ ಹಿಂದಕ್ಕೆ ತಗೋ!”

ಕೂಗಿದವಳು ಗುದ್ದಲಿ ಅಕ್ಕ. ಬಿಲ ಅಗೆದು ಇಲಿ, ಹೆಗ್ಗಣ ಹಿಡಿಯುವುದು ಅವಳ ಮೂವತ್ತು ವರ್ಷದ ಕಸುಬು. ಪಕ್ಕದ ಹೊಲಕ್ಕೆ ಕೆಲಸಕ್ಕೆ ಬಂದವಳು, ಹೆಗಲ ಮೇಲಿನ ಗುದ್ದಲಿ ಇಳಿಸದೆ ಬದು ದಾಟಿ ಓಡಿಬಂದಳು.

“ಏನದು? ಗ್ಯಾಸ್ ಮಾತ್ರೆ ತಾನೇ? ಬೆವರಿನ ಅಂಗಿ ಜೇಬಲ್ಲಿ ಇಟ್ಕೊಂಡು ಓಡಾಡ್ತಿದ್ದೀಯಾ? ತೇವ ಸೋಕಿದ್ರೆ ಅದು ವಿಷದ ಗಾಳಿ ಬಿಡುತ್ತೆ ಕಣೋ!”

“ಕಾಲ ಬದಲಾಯ್ತು ಅಕ್ಕ. ನಿನ್ನ ಗುದ್ದಲಿಗೆ ಕೆಲಸ ಕಮ್ಮಿ ಆಯ್ತು ಅಂತ ನನ್ನ ಮೇಲ್ಯಾಕೆ ಹಾರ್ತೀಯ?”

“ಗುದ್ದಲಿ ಹಾಳಾಗ್ಲಿ! ಆಚೆ ಊರಲ್ಲಿ ಒಬ್ಬ ಕುರಿ ಹಟ್ಟಿ ಪಕ್ಕದ ಬಿಲಕ್ಕೆ ಹೀಗೇ ಹಾಕಿದ. ಹಟ್ಟಿ ಬಾಗಿಲು ತೆಗೆದು ನೋಡಿದ್ರೆ ಏಳು ಕುರಿ ಕಾಲು ಚಾಚಿ ಬಿದ್ದಿದ್ವು. ಮೈಮೇಲೆ ಒಂದು ಗೀರಿಲ್ಲ. ಹೊತ್ತು ಹಾಕಿದೋಳು ನಾನೇ. ಈ ಬಿಲ ಎಲ್ಲಿಗೆ ಹೋಗುತ್ತೆ, ಹೇಳು ನೋಡೋಣ?”

“ಎಲ್ಲಿಗೆ ಹೋಗುತ್ತೆ? ಹೊಲಕ್ಕೆ. ಬಾಯಿ ಹೊಲದ ಕಡೆ ಇರೋದು ಕಾಣಲ್ವಾ?”

“ಬಾಯಿ ಕಂಡಿದ್ದಕ್ಕೆ ಹೊಟ್ಟೆನೂ ಕಂಡ್ಹಾಗಾಯ್ತಾ? ಮೊದಲು ಹೊಗೆ ಹೋಗ್ಲಿ. ಹೊಗೆ ಹೋದಲ್ಲೆಲ್ಲಾ ನಿನ್ನ ವಿಷಾನೂ ಹೋಗುತ್ತೆ. ಬಾಣಂತಿನ ಹೊರಗೆ ಕರಿ.”

ಅವನಿಗೆ ರೇಗಿತು. ಹೆಂಗಸೊಬ್ಬಳು ತನ್ನ ಹೊಲದಲ್ಲಿ ನಿಂತು ತನಗೇ ಅಪ್ಪಣೆ ಮಾಡುವುದೇ? ಆದರೆ ಅಷ್ಟರಲ್ಲಿ ಗಲಾಟೆ ಕೇಳಿ ಅವನ ಹೆಂಡತಿ ಹಿತ್ತಲಿಗೆ ಬಂದಿದ್ದಳು. ವಿಷಯ ತಿಳಿದವಳೇ ಮಗಳನ್ನೂ ಕೂಸನ್ನೂ ಎಬ್ಬಿಸಿ ಅಂಗಳದ ಮರದ ಕೆಳಗೆ ಕೂರಿಸಿದಳು. ತಾನು ಹಿಂದಿನ ಕೋಣೆಯ ಬಾಗಿಲಲ್ಲಿ ನಿಂತಳು.

ಮಾತ್ರೆಯ ಪೊಟ್ಟಣವನ್ನು ಗುದ್ದಲಿ ಅಕ್ಕ ಒಣ ಡಬ್ಬಿಯೊಂದಕ್ಕೆ ಹಾಕಿಸಿ, ಮನೆಯಿಂದ ದೂರದ ಬಯಲಿನಲ್ಲಿ ಕಲ್ಲಿನ ಮೇಲೆ ಇಡಿಸಿದಳು. ಅವನ ಕೈಯನ್ನು ಸೋಪು ಹಾಕಿ ತೊಳೆಸಿದಳು, ಅಂಗಿಯನ್ನೂ ಬಿಚ್ಚಿಸಿದಳು. ಆಮೇಲೆ ತನ್ನ ತೂತಿನ ಮಡಕೆ ತಂದು, ಅರ್ಧ ಹಸಿ ಹುಲ್ಲು ತುರುಕಿ, ಕೆಂಡ ಹಾಕಿ, ಅದರ ಬಾಯಿಯನ್ನು ಬಿಲದ ಬಾಯಿಗೆ ಒತ್ತಿ, ಬುಡದ ತೂತಿನಿಂದ ಊದತೊಡಗಿದಳು.

ಸ್ವಲ್ಪ ಹೊತ್ತು ಏನೂ ಆಗಲಿಲ್ಲ. ಆಮೇಲೆ ಬದುವಿನ ಎರಡು ಬಿಲಗಳಿಂದ ಹೊಗೆ ಎದ್ದಿತು.

“ಕಂಡ್ಯಾ?” ಅವನು ನಕ್ಕ. “ಎಲ್ಲಾ ಹೊಲದ ಕಡೆಗೇ. ಸುಮ್ನೆ ಊರಿಗೆಲ್ಲಾ ಕೇಳೋ ಹಾಗೆ ಕೂಗಾಡಿದೆ.”

ಅಕ್ಕ ಊದುತ್ತಲೇ ಇದ್ದಳು.

“ರೀ!” ಒಳಗಿನಿಂದ ಹೆಂಡತಿಯ ದನಿ ಬಂತು. ಅಂಥ ದನಿಯನ್ನು ಅವನು ಇಷ್ಟು ವರ್ಷದಲ್ಲಿ ಕೇಳಿರಲಿಲ್ಲ. “ಬನ್ನಿ ಇಲ್ಲಿ! ಬಂದು ಕಣ್ಣಾರೆ ನೋಡಿ!”

ಅವನು ಓಡಿದ. ಮೂಲೆಯಲ್ಲಿ ಒಟ್ಟಿದ್ದ ಕಾಳಿನ ಚೀಲಗಳ ಹಿಂದೆ, ನೆಲ ಗೋಡೆಗೆ ಸೇರುವಲ್ಲಿ, ಮುಷ್ಟಿಯಷ್ಟು ದೊಡ್ಡ ತೂತು. ಅದರಿಂದ ಹೊಗೆ ಬರುತ್ತಿತ್ತು. ನೆಲಕ್ಕೆ ಅಂಟಿಕೊಂಡೇ ಹರಿದು, ಮಗಳ ಚಾಪೆಯನ್ನು ದಾಟಿ, ಕೂಸಿನ ಪುಟ್ಟ ಹಾಸಿಗೆಯ ಮೇಲೆ ಹಬ್ಬುತ್ತಿತ್ತು. ಹಾಸಿಗೆಯ ನಡುವೆ ಕೂಸಿನ ತಲೆ ಊರಿದ್ದ ತಗ್ಗು ಇನ್ನೂ ಹಾಗೇ ಇತ್ತು.



“ಹೆಗ್ಗಣ ಕಾಳು ತಿಂತು,” ಎಂದಳು ಹೆಂಡತಿ. “ನೀವು ಏನು ಮಾಡೋಕೆ ಹೊರಟಿದ್ರಿ? ಬಾಗಿಲು ಹಾಕ್ಕೊಂಡು ಮಲಗಿರೋ ಕೋಣೆ ಇದು. ಒಂದು ಮಾತು ಕೇಳ್ಬೇಕು ಅನ್ನಿಸ್ಲಿಲ್ವಾ? ಮನೇಲಿ ನಾವೇನು ಚೀಲಗಳಾ?”

ಅವನು ಕೂಸಿನ ಹಾಸಿಗೆಯನ್ನು ಸುತ್ತಿ ಹೊರಗೆ ತಂದಿಟ್ಟ. ಆಮೇಲೆ ಅಂಗಡಿಯವನ ಮೇಲೆ ಸಿಟ್ಟು ಬಂತು. ಇಡೀ ಬೆಳೆ ಹೋಗಿದ್ದರೂ ಅಷ್ಟು ಸಿಟ್ಟು ಬರುತ್ತಿರಲಿಲ್ಲ. ಬೇರೆ ಅಂಗಿ ಸಿಕ್ಕಿಸಿಕೊಂಡು ನೇರ ಅಂಗಡಿಗೆ ನಡೆದ. ಹಿಂದೆಯೇ ಗುದ್ದಲಿ ಅಕ್ಕ.

“ಮನೆ ಹತ್ರ ಹಾಕ್ಬೇಡಿ ಅಂತ ಹೇಳಿದ್ರೆ ನಿನ್ನ ನಾಲಿಗೆ ಸವೆದು ಹೋಗ್ತಿತ್ತಾ?”

ಅಂಗಡಿಯವನು ತಕ್ಕಡಿ ಒರೆಸುತ್ತಾ, “ಎಲ್ಲಾ ಡಬ್ಬದ ಮೇಲೆ ಬರೆದಿರುತ್ತೆ ಯಜಮಾನ್ರೇ. ಓದ್ಕೋಬೇಕು,” ಎಂದ.

“ಡಬ್ಬ ನಿನ್ನ ಹತ್ರ, ಮಾತ್ರೆ ನನ್ನ ಹತ್ರ! ನಾನೇನು ಪೊಟ್ಟಣದ ಹಳೇ ಪೇಪರ್ ಓದ್ಲಾ?”

ಅಂಗಡಿ ಮುಂದಿದ್ದವರು ನಕ್ಕರು. ಅಕ್ಕ ನಗಲಿಲ್ಲ. “ನಗ್ಬೇಡಿ. ನಿಮ್ಮಲ್ಲಿ ಎಷ್ಟು ಜನರ ಜೇಬಲ್ಲಿದೆ, ತೆಗೀರಿ,” ಎಂದಳು. ನಗು ನಿಂತಿತು. ಇಬ್ಬರು ನೆಲ ನೋಡಿದರು.

ಅವತ್ತೇ ಕೃಷಿ ಕಚೇರಿಗೆ ಸುದ್ದಿ ಹೋಯಿತು. ತರಬೇತಿ ಪಡೆದ ಸಿಬ್ಬಂದಿ ಬಂದು ಎಲ್ಲರ ಮಾತ್ರೆಗಳನ್ನೂ ಒಯ್ದರು. ಬಿಡಿಯಾಗಿ ಮಾರಿದವನಿಂದ ಲಿಖಿತ ವಿವರಣೆ ಕೇಳಿದರು.

ಹೆಗ್ಗಣ ಮಾತ್ರ ಎಲ್ಲಿಗೂ ಹೋಗಿರಲಿಲ್ಲ. “ಈಗ ಏನು ಮಾಡೋದು ಅಕ್ಕ?” ಎಂದು ಅವನೇ ಕೇಳಿದ.

“ಒಬ್ಬನೇ ಮಾಡಿದ್ರೆ ನಿನ್ನ ಹೆಗ್ಗಣ ಪಕ್ಕದೋನ ಹೊಲಕ್ಕೆ ನೆಂಟ ಆಗುತ್ತೆ, ನಾಲ್ಕು ದಿನ ಬಿಟ್ಟು ವಾಪಸ್ ಬರುತ್ತೆ. ಎಲ್ಲರೂ ಒಂದೇ ದಿನ ಇಳೀಬೇಕು.”

ಅಕ್ಕಪಕ್ಕದ ಆರು ಹೊಲದವರು ಸೇರಿದರು. ಸಂಜೆ ಎಲ್ಲ ಬಿಲಗಳ ಬಾಯಿಗೂ ಮಣ್ಣು ಮುಚ್ಚಿದರು. ಬೆಳಿಗ್ಗೆ ಯಾವುದರ ಮಣ್ಣು ಕೆದರಿತ್ತೋ ಅದರಲ್ಲಿ ಹೆಗ್ಗಣ ಇದೆ ಎಂದು ಲೆಕ್ಕ. ಅಂಥವನ್ನಷ್ಟೇ ಅಗೆದರು, ಹಾದಿಯಲ್ಲಿ ಬೋನು ಇಟ್ಟರು. ಬರಿಗೈ ಯಾರೂ ಹಾಕಲಿಲ್ಲ; ಬಿಲದಲ್ಲಿ ಹಾವೂ ಇರಬಹುದು. ಹೆಗ್ಗಣಕ್ಕೆ ಬಿಲ ತೋಡಲು ಜಾಗ ಸಿಗದಂತೆ ದಪ್ಪ ಬದುಗಳನ್ನು ಕೆತ್ತಿ ತೆಳ್ಳಗೆ ಮಾಡಿದರು. ಸಿಕ್ಕಿದ ಹೆಗ್ಗಣಗಳನ್ನು ಕೊಂದು ಆಳಕ್ಕೆ ಹೂತು, ಸೋಪಿನಿಂದ ಕೈ ತೊಳೆದರು. ಹಿಂದಿನ ಕೋಣೆಯ ತೂತಿಗೆ ಅವನೇ ಜಲ್ಲಿ, ಸಿಮೆಂಟು ತುಂಬಿದ. ಕಾಳಿನ ಚೀಲಗಳನ್ನು ಹಲಗೆಯ ಮೇಲೆ, ಗೋಡೆಗೆ ತಾಗದಂತೆ ಇಟ್ಟ. ಹೆಗ್ಗಣ ಪೂರ್ತಿ ಹೋಗಲಿಲ್ಲ, ಆದರೆ ಆಮೇಲೆ ಹೊಲದಲ್ಲಿ ಸಾಲುಗಟ್ಟಲೆ ದಂಟು ಬೀಳಲಿಲ್ಲ.

ಓದುತ್ತಿರುವ ಅಣ್ಣ, ಅಕ್ಕ, ನಿಮಗೂ ಇದೇ ಮಾತು. ಈ ಗ್ಯಾಸ್ ಮಾತ್ರೆ ಮನೆಯವರು ಬಳಸುವ ವಸ್ತುವಲ್ಲ. ಅದು ತರಬೇತಿ ಪಡೆದವರ ಕೈಗೆ ಮಾತ್ರ. ಮನೆ, ಹಟ್ಟಿ, ಕಾಳಿನ ಕೋಣೆಯ ಹತ್ತಿರವಂತೂ ಬೇಡವೇ ಬೇಡ. ಬಿಡಿಯಾಗಿ ಯಾರಾದರೂ ಮಾರಿದರೆ ಸುಮ್ಮನಿರಬೇಡಿ, ದೂರು ಕೊಡಿ. ಈಗಾಗಲೇ ಮನೆಯಲ್ಲಿದ್ದರೆ ನೀರಿಗೆ ಎಸೆಯಬೇಡಿ, ಹೂಳಬೇಡಿ. ಕೃಷಿ ಕಚೇರಿಗೆ ತಿಳಿಸಿ. ಆ ಗಾಳಿ ಕುಡಿದು ಯಾರಿಗಾದರೂ ಉಸಿರು ಕಟ್ಟಿದರೆ, ವಾಂತಿ, ಎದೆನೋವು ಬಂದರೆ ಬಯಲಿಗೆ ಕರೆತಂದು ಕೂಡಲೇ ಆಸ್ಪತ್ರೆಗೆ ಒಯ್ಯಿರಿ. ಆ ವಿಷವನ್ನು ಇಳಿಸುವ ಮದ್ದಿಲ್ಲ, ಬೇಗ ಹೋದಷ್ಟೂ ಆಸ್ಪತ್ರೆಯವರು ಉಳಿಸಬಹುದು; ಕಾಯುತ್ತಾ ಕೂರಬೇಡಿ.

ಹೋದ ಬೆಳೆಯನ್ನು ಬರುವ ವರ್ಷ ಮತ್ತೆ ಬಿತ್ತಬಹುದು. ಎದ್ದು ಹೋಗಿ ನಿಮ್ಮ ಮನೆಯ ಗೋಡೆಯ ಬುಡವನ್ನು ಇವತ್ತೇ ನೋಡಿ. ಅದರ ಒಳಬದಿಯಲ್ಲಿ ಯಾರು ಮಲಗುತ್ತಾರೆ ಎಂದು ಒಂದು ಸಲ ಯೋಚಿಸಿ.