ನಾಲ್ಕು ಸೆಕೆಂಡಿನ ಗದ್ದಲ

“ಅಕ್ಕಾ, ಹಿಂದೆ ಹಾಡ್ತಾ ಇರೋದು ಯಾರು?”

ಮೈಕಿನ ಅಂಗಡಿಯ ಅನ್ವರ್, ಅವಳ ರೆಕಾರ್ಡಿಂಗ್ ಕೇಳುತ್ತಿದ್ದ ಹೆಡ್‌ಫೋನನ್ನು ಒಂದು ಕಿವಿಯಿಂದ ಸರಿಸಿ ಕೇಳಿದ. ಕಲಾವತಿ ಗೋಡೆಗೆ ನೇತುಹಾಕಿದ್ದ ಕೇಬಲ್ಲುಗಳನ್ನು ಎಣಿಸುವವಳ ಹಾಗೆ ಅತ್ತ ನೋಡುತ್ತಾ, “ಪಕ್ಕದ್ಮನೆ ರೇಡಿಯೋ ಇರ್ಬೇಕು” ಅಂದಳು.

“ರೇಡಿಯೋದಲ್ಲೂ ನೀವು ಹಾಡೋ ಹಾಡೇ ಬರ್ತಿತ್ತಾ?”

ಆ ಹಾಡು ಯಾವ ರೇಡಿಯೋದಲ್ಲೂ ಬರುವಂತಿರಲಿಲ್ಲ. ಟೀವಿ ಧಾರಾವಾಹಿಯೊಂದರ ಶೀರ್ಷಿಕೆ ಗೀತೆಗೆ ಹೊಸ ದನಿ ಹುಡುಕುತ್ತಿದ್ದ ಸಂಗೀತ ನಿರ್ದೇಶಕರು ಹತ್ತು ದಿನದ ಕೆಳಗಷ್ಟೇ ಅದರ ಧಾಟಿಯನ್ನು ಅವಳಿಗೂ ಇನ್ನೂ ನಾಲ್ಕೈದು ಜನಕ್ಕೂ ಕಳಿಸಿದ್ದರು. ಪಲ್ಲವಿಯನ್ನು ಮನೆಯಲ್ಲೇ ಹಾಡಿ, ಬೇರೆ ಸದ್ದಿಲ್ಲದ ಹಾಗೆ ರೆಕಾರ್ಡ್ ಮಾಡಿ, ಸೋಮವಾರ ಬೆಳಿಗ್ಗೆಯೊಳಗೆ ಮೇಲ್ ಮಾಡಬೇಕಿತ್ತು. ಇವತ್ತು ಶನಿವಾರ. ಅಟ್ಟೂರಿನಿಂದ ಆರ್.ಟಿ. ನಗರಕ್ಕೆ ಎರಡು ಬಸ್ಸು ಬದಲಾಯಿಸಿ, ಪೆನ್‌ಡ್ರೈವನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡು ಬಂದಿದ್ದಳು.

“ಯಾರೇ ಆಗ್ಲಿ, ಏನ್ ಕಂಠ ಅಕ್ಕಾ!” ಅನ್ವರ್ ಮತ್ತೆ ಕಣ್ಣು ಮುಚ್ಚಿ ಕೇಳಿಸಿಕೊಂಡ. “ಇಲ್ಲಿ, ‘ಒಳಗೆ ಬಾರೆ’ ಅಂತ ಮೇಲೆ ಹೋಗ್ತೀರಲ್ಲ, ಅಲ್ಲಿ ನಿಮ್ ದನಿ ಸ್ವಲ್ಪ ಅಲ್ಲಾಡತ್ತೆ. ಹಿಂದಿರೋರು ನೋಡಿ, ಗೂಟ ಹೊಡ್ದಂಗೆ ನಿಂತಿದಾರೆ.”

ಹದಿನೆಂಟು ವರ್ಷ ಸುಗಮ ಸಂಗೀತ ಕಲಿತವಳಿಗೆ, ಮೈಕು ಮಾರುವ ಹುಡುಗ ಈ ಮಾತು ಹೇಳಬೇಕೆ? “ಅದನ್ನ ತೆಗೆಯೋಕಾಗತ್ತಾ, ಅಷ್ಟ್ ಹೇಳಪ್ಪ” ಅಂದಳು.

“ಮನೆ ತುಂಬಾ ನಿಶ್ಶಬ್ದ ಅಂದಿದ್ರಲ್ಲ. ಅದಕ್ಕೇ ಅಲ್ವಾ ನಾನು ಆ ಮೈಕ್ ಕೊಟ್ಟಿದ್ದು?”

ಅನ್ವರ್ ಹೇಳಿದ್ದು ಸುಳ್ಳಲ್ಲ. ಒಂದು ತಿಂಗಳ ಹಿಂದೆ ಅವಳು ಇದೇ ಸ್ಟೂಲಿನ ಮೇಲೆ ಎರಡು ತಾಸು ಕೂತು ಎಲ್ಲವನ್ನೂ ಆರಿಸಿದ್ದಳು. ಲ್ಯಾಪ್‌ಟಾಪೋ, ಜೋಡಿಸಿದ ಕಂಪ್ಯೂಟರೋ ಎಂಬುದಕ್ಕೇ ಅರ್ಧ ಗಂಟೆ ಹಿಡಿದಿತ್ತು. ಗಂಡ ಮುನೀಂದ್ರ, “ಮೊಬೈಲಲ್ಲೇ ರೆಕಾರ್ಡ್ ಮಾಡಿ ಕಳ್ಸಿದ್ರಾಗಲ್ವಾ?” ಅಂದು ಬೈಸಿಕೊಂಡಿದ್ದ. ಸೌಂಡ್ ಕಾರ್ಡು, ಕಿವಿ ಪೂರ್ತಿ ಮುಚ್ಚುವ ಹೆಡ್‌ಫೋನು, ಕಾಸು ಕೊಡದೆ ಸಿಗುವ ರೆಕಾರ್ಡಿಂಗ್ ಸಾಫ್ಟ್‌ವೇರು, ಇಷ್ಟಕ್ಕೆ ತಕರಾರಿರಲಿಲ್ಲ. ಮೈಕಿನ ಹತ್ತಿರ ಬಂದಾಗ ಅನ್ವರ್ ಎರಡನ್ನು ಮುಂದಿಟ್ಟು ತಿಳಿಸಿ ಹೇಳಿದ್ದ. “ಇದು ಡೈನಾಮಿಕ್. ಬಾಯಿ ಹತ್ರ ಇರೋದಷ್ಟೇ ಕೇಳಿಸ್ಕೊಳ್ಳತ್ತೆ. ಇದು ಕಂಡೆನ್ಸರ್. ಉಸಿರು, ಬಳೆ ಸದ್ದು, ಬೀದಿ ನಾಯಿ, ಎಲ್ಲಾ ಕೇಳಿಸ್ಕೊಳ್ಳತ್ತೆ. ಮನೇಲಿ ಗಲಾಟೆ ಇದ್ರೆ ಇದು ಬೇಡ.” ತಣಿಸಂದ್ರದ ಅಪಾರ್ಟ್‌ಮೆಂಟಿನಲ್ಲಿ ಕೂತು ಹಾಡಿ ಆಗಲೇ ಎರಡು ಧಾರಾವಾಹಿಗೆ ದನಿ ಕೊಟ್ಟಿದ್ದ ಆಶಾರಾಣಿ, ತನ್ನ ಜತೆ ಸಂಗೀತ ಕಲಿತವಳು, ಇಟ್ಟುಕೊಂಡಿರುವುದು ಕಂಡೆನ್ಸರ್ ಎಂದು ಕಲಾವತಿಗೆ ಗೊತ್ತಿತ್ತು. “ನಮ್ಮನೇಲಿ ಪಿನ್ ಬಿದ್ರೂ ಕೇಳ್ಸತ್ತೆ” ಎಂದು ಅದನ್ನೇ ಎತ್ತಿಕೊಂಡು ಬಂದಿದ್ದಳು.

ಆ ಮನೆಯಲ್ಲಿ ಮುನಿಕೆಂಪಮ್ಮ ಇದ್ದರು ಎನ್ನುವುದನ್ನು ಮಾತ್ರ ಹೇಳಿರಲಿಲ್ಲ.

ಮುನಿಕೆಂಪಮ್ಮ ಅವಳ ಅತ್ತೆ. ಅಟ್ಟೂರು ಇನ್ನೂ ರಾಗಿ ಹೊಲವಾಗಿದ್ದ ಕಾಲದಿಂದ ಆ ಊರಿನ ಯಾವ ಮದುವೆಯ ಅರಿಶಿನ ಶಾಸ್ತ್ರವೂ ಅವರ ಸೋಬಾನೆ ಇಲ್ಲದೆ ನಡೆದದ್ದಿಲ್ಲ. ಸ್ವರ ಗೊತ್ತಿಲ್ಲ, ತಾಳದ ಹೆಸರು ಗೊತ್ತಿಲ್ಲ, ಓದು ಬರಹ ಮೊದಲೇ ಇಲ್ಲ. ಒಂದು ಸಲ ಕಿವಿಗೆ ಬಿದ್ದದ್ದು ಬಾಯಿಗೆ ಬರುತ್ತಿತ್ತು, ಅಷ್ಟೆ. ಕಲಾವತಿ ಮದುವೆಯಾಗಿ ಬಂದ ದಿನ ಹೊಸಿಲಲ್ಲಿ ನಿಂತಿದ್ದಾಗ ನೆಂಟರೆಲ್ಲ ಸೊಸೆಯ ಮುಖ ನೋಡುವುದು ಬಿಟ್ಟು ಅತ್ತೆಯ ಹಾಡು ಕೇಳುತ್ತಾ ಕೂತಿದ್ದರು. ಅವಳ ಮನಸ್ಸಿಗೆ ಚುಚ್ಚಿದ್ದು ಅದೇ ಮೊದಲು. ಯಲಹಂಕ ಉಪನಗರದ ಗಣೇಶೋತ್ಸವದಲ್ಲಿ ಅವಳು ಒಬ್ಬಳೇ ಹಾಡಿದ ವರ್ಷ, ಮುಂದಿನ ಸಾಲಿನಲ್ಲಿದ್ದ ಹೆಂಗಸೊಬ್ಬಳು, “ಪರ್ವಾಗಿಲ್ಲ. ಮುನಿಕೆಂಪಕ್ಕನ ಸೊಸೆ ಅಲ್ವಾ?” ಅಂದದ್ದು ಇನ್ನೂ ನೆನಪಿತ್ತು. ಅತ್ತೆ ಕೆಟ್ಟವರಾಗಿದ್ದರೆ ಕಲಾವತಿಗೆ ಎಷ್ಟೋ ಅನುಕೂಲವಾಗುತ್ತಿತ್ತು. ಅವರು ಇವತ್ತಿನವರೆಗೂ ಸೊಸೆಗೆ ಒಂದು ಗಡಸು ಮಾತಾಡಿದವರಲ್ಲ. ಹಾಗಾಗಿ ಹೊಟ್ಟೆಕಿಚ್ಚನ್ನು ಜಗಳವಾಗಿಯೂ ಆಡುವಂತಿರಲಿಲ್ಲ, ಒಬ್ಬಳೇ ನುಂಗಿಕೊಳ್ಳಬೇಕಾಗಿತ್ತು.

ಈಗ ಅವರೆಕಾಯಿ ಕಾಲ. ಮುನಿಕೆಂಪಮ್ಮ ದಿನವೂ ನಡುಮನೆಯಲ್ಲಿ, ರೆಕಾರ್ಡಿಂಗಿನ ಕೋಣೆಯ ಬಾಗಿಲ ಪಕ್ಕದಲ್ಲೇ ಕಾಲು ಚಾಚಿಕೊಂಡು ನೆನೆಸಿದ ಅವರೆಕಾಳು ಹಿತುಕುತ್ತಿದ್ದರು. ಒಳಗೆ ಸೊಸೆ ಹತ್ತು ದಿನದಿಂದ ಒಂದೇ ಪಲ್ಲವಿಯನ್ನು ಉಜ್ಜುತ್ತಿದ್ದರೆ ಹೊರಗೆ ಅತ್ತೆ ಅದನ್ನು ಯಾವಾಗ ಕಲಿತರೋ ಅವರಿಗೇ ಗೊತ್ತಿಲ್ಲ. ರಾಜಾನುಕುಂಟೆಯ ನಾಮಕರಣಕ್ಕೆ ಅವರು ಹೋಗಿದ್ದ ದಿನ ಕಲಾವತಿ ಏಳು ಸಲ ಹಾಡಿ ರೆಕಾರ್ಡ್ ಮಾಡಿದ್ದಳು. ಏಳೂ ಸಪ್ಪೆ. ಚೆನ್ನಾಗಿ ಬಂದದ್ದು ಗುರುವಾರದ್ದು ಒಂದೇ. ಆ ಒಂದರಲ್ಲಿ ಅತ್ತೆಯೂ ಇದ್ದರು. ಸುಮ್ಮನಿರಿ ಅತ್ತೆ ಎಂದು ಒಂದು ಮಾತು ಹೇಳಿದ್ದರೆ ಮುಗಿಯುತ್ತಿತ್ತು, ಆದರೆ ಹಾಗೆ ಹೇಳಿದರೆ ಅವರ ಹಾಡನ್ನು ತಾನು ಕಿವಿಗೊಟ್ಟು ಕೇಳಿದೆ ಎಂದು ಒಪ್ಪಿಕೊಂಡಂತೆ ಆಗುತ್ತಿತ್ತು. ಅದು ಅವಳಿಂದ ಸಾಧ್ಯವಿರಲಿಲ್ಲ.

“ಮೈಕ್ ಬದ್ಲಾಯಿಸ್ಕೊಡ್ತೀನಿ, ಆದ್ರೆ ಡೈನಾಮಿಕ್ ಸ್ಟಾಕ್ ಬರೋದು ಮಂಗಳವಾರ” ಅಂದ ಅನ್ವರ್. “ಅಲ್ಲೀವರ್ಗೆ ಒಂದು ಉಪಾಯ ಇದೆ. ನಿಮ್ ಸಾಫ್ಟ್‌ವೇರಲ್ಲೇ ಇದೆ. ಫ್ಯಾನ್ ಸದ್ದು, ಮೋಟರ್ ಸದ್ದು ತೆಗೆಯೋಕೆ ಮಾಡಿರೋದು, ದನಿಗೆ ಎಷ್ಟಾಗತ್ತೋ ನೋಡ್ಬೇಕು. ಬರೀ ಸದ್ದು ಮಾತ್ರ ಇರೋ ಜಾಗ ಒಂದ್ ನಾಲ್ಕ್ ಸೆಕೆಂಡ್ ಸೆಲೆಕ್ಟ್ ಮಾಡಿ, ‘ಇದು ಗದ್ದಲ’ ಅಂತ ಅದಕ್ಕೆ ಗುರುತು ತೋರ್ಸಿ. ಆಮೇಲೆ ಪೂರ್ತಿ ಹಾಡಿಗೆ ಹಾಕಿದ್ರೆ, ಎಲ್ಲೆಲ್ಲಿ ಅದಿದ್ಯೋ ಅಲ್ಲೆಲ್ಲಾ ತೆಗೆದು ಬಿಸಾಕತ್ತೆ.”

ಅವನು ಒತ್ತಬೇಕಾದ ಗುಂಡಿಗಳನ್ನು ಹಾಳೆಯ ಮೇಲೆ ಬರೆದುಕೊಟ್ಟ. ಬಸ್ಸಿನಲ್ಲಿ ಕಲಾವತಿ ಅದನ್ನು ನಾಲ್ಕು ಸಲ ಓದಿದಳು.

ಮನೆಗೆ ಬಂದು ಕೋಣೆಯ ಬಾಗಿಲು ಹಾಕಿಕೊಂಡಳು. ಅನ್ವರ್ ಹೇಳಿದ ಹಾಗೆಯೇ ಬೀರುವಿನ ಬಾಗಿಲು ತೆರೆದು, ದನಿ ಗೋಡೆಗೆ ಬಡಿಯದಿರಲೆಂದು ಸೀರೆಗಳ ಮುಂದೆ ಮೈಕು ನಿಲ್ಲಿಸಿಕೊಂಡಿದ್ದ ಕೋಣೆ ಅದು. ಗುರುವಾರದ ಹಾಡನ್ನು ತೆರೆದಳು. ಅವಳು ರೆಕಾರ್ಡ್ ಒತ್ತಿ, ಒಂದು ಗುಟುಕು ನೀರು ಕುಡಿದು, ಹಾಡಲು ಶುರು ಮಾಡುವ ಮೊದಲಿನ ತುಣುಕಿನಲ್ಲಿ ಅವಳು ಹುಡುಕುತ್ತಿದ್ದದ್ದು ಸಿಕ್ಕಿತು. ಬಾಗಿಲಾಚೆಯಿಂದ ಒಂದೇ ದನಿ, ಒಂದೇ ಸಾಲು: “ಬಾಗಿಲಾಚೆ ನಿಂತ ಬೆಳಕೇ, ಒಳಗೆ ಬಾರೆ.” ಅವಳಿಗಿಂತ ಮೊದಲೇ ಮುದುಕಿ ಎತ್ತಿಕೊಂಡಿದ್ದರು! ಕಲಾವತಿ ಆ ನಾಲ್ಕು ಸೆಕೆಂಡುಗಳ ಮೇಲೆ ಮೌಸು ಎಳೆದಳು. ಅಷ್ಟು ಜಾಗ ಪರದೆಯ ಮೇಲೆ ಕಪ್ಪಾಯಿತು. ಅವಳ ಬೆರಳು ಒಂದು ಕ್ಷಣವೂ ತಡೆಯಲಿಲ್ಲ. ಇದು ಗದ್ದಲ ಎಂದು ಗುರುತು ತೋರಿಸಿ, ಪೂರ್ತಿ ಹಾಡನ್ನು ಆಯ್ದು, ತೆಗೆ ಎಂದು ಒತ್ತಿದಳು.

ಹಾಡಿನಿಂದ ಅತ್ತೆ ಹೋದರು. ಅವರ ಹಿಂದೆಯೇ ಅವಳೂ ಹೋದಳು. ಉಳಿದದ್ದು ನೀರಿನ ತೊಟ್ಟಿಯೊಳಗೆ ತಲೆ ಹಾಕಿ ಯಾರೋ ಗೊಣಗಿದ ಹಾಗಿತ್ತು. ಮೂರು ಸಲ ಮಾಡಿ ನೋಡಿದಳು, ಮೂರು ಸಲವೂ ಅದೇ. ಅನ್ವರನಿಗೆ ಫೋನು ಮಾಡಿದಳು.

“ಅಕ್ಕಾ, ಫ್ಯಾನ್ ತೋರ್ಸಿದ್ರಾ, ಆ ಹಾಡೋರ್ನ ತೋರ್ಸಿದ್ರಾ?”

“ಹಾಡೋರ್ನ.”

“ಅದು ಆಗಲ್ಲ ಅಕ್ಕಾ. ಅವ್ರದ್ದೂ ನಿಮ್ದೂ ಒಂದೇ ಶ್ರುತಿ, ಅವೇ ಸ್ವರ. ಅದಕ್ಕೆ ಅವ್ರು ಯಾರು ನೀವ್ಯಾರು ಅಂತ ಗೊತ್ತಾಗಲ್ಲ. ಅವ್ರನ್ನ ತೆಗಿ ಅಂದ್ರೆ ನಿಮ್ಮನ್ನೂ ತೆಗೆಯತ್ತೆ.”

ಕಲಾವತಿಗೆ ಅಳುವೇ ಬಂತು. ಅಳು ಕೋಪವಾಗಲು ಬಹಳ ಹೊತ್ತು ಬೇಕಾಗಲಿಲ್ಲ. ಆಯಿತು, ಇವತ್ತು ಹೇಳಿಯೇ ಬಿಡುತ್ತೇನೆ. ಕೇಳಿ ನೋಡಿ, ನೀವು ನನ್ನ ಹಾಡನ್ನು ಹೇಗೆ ಕೆಡಿಸಿದ್ದೀರಿ ಅಂತ ಕಿವಿಗೇ ತೋರಿಸುತ್ತೇನೆ. ಬಾಗಿಲು ತೆಗೆದು, “ಅತ್ತೆ, ಒಂದ್ನಿಮಿಷ ಇಲ್ಲಿ ಬನ್ನಿ” ಅಂದಳು.

ಮುನಿಕೆಂಪಮ್ಮ ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಳ್ಳುತ್ತಾ ಬಂದು, ಕುರ್ಚಿಯ ತುದಿಯಲ್ಲಿ ಕೂತರು. ಕಲಾವತಿ ಅವರ ತಲೆಗೆ ಹೆಡ್‌ಫೋನು ಹಾಕಿ, ಅಳಿಸದ ಮೂಲ ಹಾಡಿನಿಂದ ಆ ನಾಲ್ಕು ಸೆಕೆಂಡುಗಳನ್ನು ಹಾಕಿದಳು. ಮುದುಕಿ ರೆಪ್ಪೆ ಬಡಿಯದೆ ಕೇಳಿದರು.

“ಇನ್ನೊಂದ್ ಕಿತ ಆಕವ್ವಾ.”

ಇನ್ನೊಂದು ಸಲ ಹಾಕಿದಳು. ಮುನಿಕೆಂಪಮ್ಮ ಎರಡೂ ಕೈಯಿಂದ ಹೆಡ್‌ಫೋನನ್ನು ಕಿವಿಗೆ ಒತ್ತಿಕೊಂಡರು. “ಯಾರವ್ವಾ ಇವ್ಳು?”

ತಮಾಷೆ ಮಾಡುತ್ತಿದ್ದಾರೆ ಅಂದುಕೊಂಡಳು ಕಲಾವತಿ. ಮುಖ ನೋಡಿದರೆ ಅಲ್ಲಿ ತಮಾಷೆ ಇರಲಿಲ್ಲ. ಆಗ ಹೊಳೆಯಿತು. ಜೀವಮಾನವೆಲ್ಲ ಊರಿಗೆ ಹಾಡಿದ ಈ ಹೆಂಗಸು ತನ್ನ ದನಿಯನ್ನು ಹೊರಗಿನಿಂದ ಒಂದು ದಿನವೂ ಕೇಳಿಲ್ಲ. ಯಾರೂ ಅವರ ಹಾಡನ್ನು ಹಿಡಿದಿಟ್ಟಿರಲಿಲ್ಲ, ಹಿಡಿಯಬೇಕು ಅಂತ ಯಾರಿಗೂ ಅನ್ನಿಸಿರಲೂ ಇಲ್ಲ.

“ನಮ್ಮವ್ವ ಇಂಗೇ ಆಡೋಳು ಕಣವ್ವಾ” ಎಂದರು ಮುನಿಕೆಂಪಮ್ಮ. ಕಣ್ಣಿನಲ್ಲಿ ನೀರಿತ್ತು. “ನಾಟಿ ಮಾಡೋವಾಗ ಆಡೋಳು. ನಂಗಾಗ ಏಳೋ ಎಂಟೋ ವರ್ಸ. ಅವ್ಳು ಸತ್ತ ಮ್ಯಾಕೆ ಇಂಥಾ ಕಂಠ ಕೇಳಿರ್ನಿಲ್ಲ. ಯಾರು, ನೀನೇ ಏನವ್ವಾ?”

ನೀವೇ ಅತ್ತೆ. ಎರಡೇ ಮಾತು. ಬಾಯಿಯ ತುದಿಗೆ ಬಂದಿತ್ತು. ಅಷ್ಟರಲ್ಲಿ ಅನ್ವರ್ ಕಣ್ಣು ಮುಚ್ಚಿಕೊಂಡು ಕೂತದ್ದು ನೆನಪಾಯಿತು, ಹೊಸಿಲಲ್ಲಿ ನಿಂತ ದಿನ ನೆನಪಾಯಿತು. ಇಂಥ ಮುಖ ಮಾಡಿಕೊಂಡು ಯಾರೂ ಯಾವತ್ತೂ ತನ್ನ ಹಾಡು ಕೇಳಿರಲಿಲ್ಲ.

“ಹೂಂ ಅತ್ತೆ” ಅಂದಳು ಕಲಾವತಿ. “ನಾನೇ.”

ಮುನಿಕೆಂಪಮ್ಮ ಎದ್ದು ಸೊಸೆಯ ಕೆನ್ನೆ ಸವರಿ ಲಟಿಕೆ ಮುರಿದರು. ಕೈ ಅವರೆಕಾಳಿನ ವಾಸನೆ ಹೊಡೆಯುತ್ತಿತ್ತು. “ಇಷ್ಟ್ ವರ್ಸ ಒಂದೇ ಮನೇಲಿದ್ದು ನನ್ ಕಿವಿಗೆ ಬಿದ್ದಿಲ್ವಲ್ಲ, ಮುಂಡೇದು! ನಾನೊಬ್ಳು, ಬಾಯ್ ಸುಮ್ಕಿರಾಕಿಲ್ಲ. ನಿನ್ ಜತೆಗೆ ಕಿರುಚ್ಕಂಡು ಕುಂತಿದ್ದೆ. ನಿಂಗೆಷ್ಟ್ ತೊಂದ್ರೆ ಆಗೈತೋ ಏನೋ. ಇನ್ಮ್ಯಾಕೆ ಬಾಯ್ ಬಿಡಾಕಿಲ್ಲ ಕಣವ್ವಾ. ನೀನು ಆಡು.”

ಅವರು ಹೊರಗೆ ಹೋಗುವಾಗ ಬಾಗಿಲನ್ನು ಸದ್ದಾಗದ ಹಾಗೆ ಎಳೆದುಕೊಂಡು ಹೋದರು.

ಭಾನುವಾರ ಬೆಳಿಗ್ಗೆ ತಿಂಡಿ ತಿನ್ನುತ್ತಾ ಮುನೀಂದ್ರ, “ಅವ್ವಂಗೆ ಮೈ ಸರಿ ಇಲ್ವಾ? ಎದ್ದಾಗಿಂದ ಒಂದ್ ಹಾಡೂ ಇಲ್ಲ” ಅಂದ. ಕಲಾವತಿ ಅವನ ತಟ್ಟೆಗೆ ಚಟ್ನಿ ಬಡಿಸಿದಳು. ಅವನು ಆಚೆ ಹೋದ ಮೇಲೆ ಹಿಂದಿನ ಬೀದಿಯ ರತ್ನಕ್ಕ ಬಂದಳು. ಮಗಳಿಗೆ ಬುಧವಾರ ಅರಿಶಿನ ಹಚ್ಚುವ ಶಾಸ್ತ್ರ, ಹಾಡುವುದಕ್ಕೆ ಮುನಿಕೆಂಪಕ್ಕ ಬರಬೇಕು. ಕೋಣೆಯೊಳಗೆ ಮೈಕಿನ ತಂತಿ ಬಿಡಿಸುತ್ತಿದ್ದ ಕಲಾವತಿಗೆ ನಡುಮನೆಯ ಮಾತೆಲ್ಲ ಕೇಳಿಸುತ್ತಿತ್ತು.

“ನಾನ್ಯಾಕೆ ರತ್ನಾ? ನನ್ ಸೊಸೇನ ಕರ್ಕಂಡೋಗು.”

“ಅಯ್ಯೋ, ಕಲಾವತಿಗೆ ಸೋಬಾನೆ ಬರ್ತದಾ?”

“ಕಲ್ತ್ಕೊತಾಳೆ ಬಿಡು. ನೀನು ಅವ್ಳ ಕಂಠ ಕೇಳಿಲ್ಲ. ನಿನ್ನೆ ನಾನ್ ಕೇಳ್ದೆ, ಅದ್ರಾಗೆ ಇಡ್ದಿಟ್ಟವ್ಳೆ. ಅದ್ನ ಕೇಳಿದ್ ಮ್ಯಾಕೆ ನಾನು ಬಾಯ್ ತೆಗೀಬಾರ್ದು ಅಂತ ಅಂದ್ಕಂಡಿವ್ನಿ.”

“ಇದೇನಕ್ಕಾ ಇಂಗಂತೀಯ?” ರತ್ನಕ್ಕ ಎಷ್ಟೋ ಹೊತ್ತು ಬೇಡಿಕೊಂಡಳು. ಕೊನೆಗೆ ಅವಳ ಚಪ್ಪಲಿಯ ಸದ್ದು ಗೇಟಿನವರೆಗೂ ಹೋಯಿತು.

ಕಲಾವತಿ ಬೀರುವಿನ ಬಾಗಿಲು ತೆರೆದಳು. ಮೈಕನ್ನು ಸೀರೆಗಳಿಗೆ ಮುಖ ಮಾಡಿ ನಿಲ್ಲಿಸಿ, ಹೆಡ್‌ಫೋನು ಹಾಕಿಕೊಂಡು, ರೆಕಾರ್ಡ್ ಒತ್ತಿದಳು. ಕೆಂಪು ಚುಕ್ಕೆ ಹತ್ತಿಕೊಂಡಿತು. ಪರದೆಯ ಮೇಲೆ ಗೆರೆ ಏರದೆ ಇಳಿಯದೆ ನೆಟ್ಟಗೆ ಓಡತೊಡಗಿತು. ಅವಳು ಅಂಗಡಿಯಲ್ಲಿ ಹೇಳಿದ್ದಂಥ ನಿಶ್ಶಬ್ದ ಈಗ ಮನೆಯಲ್ಲಿತ್ತು. ಒಂದು ಗುಟುಕು ನೀರು ಕುಡಿದು ಬಾಯಿ ತೆರೆದಳು. ಮೊದಲ ಸ್ವರ ಎಲ್ಲಿದೆ ಎಂದು ಹೊಳೆಯಲಿಲ್ಲ.

ಬಾಗಿಲಾಚೆ ಮುನಿಕೆಂಪಮ್ಮ ಅವರೆಕಾಳು ಹಿತುಕುತ್ತಿದ್ದರು. ಪಿಚಕ್ ಎಂದು ಸಿಪ್ಪೆ ಬಿಡುವ ಸದ್ದು, ಬೇಳೆ ಬೋಗುಣಿಗೆ ಬೀಳುವ ಸದ್ದು. ಅದರ ಜತೆಗೆ ಬೇರೇನೂ ಇರಲಿಲ್ಲ.

ಕಲಾವತಿ ಸೌಂಡ್ ಕಾರ್ಡಿನ ಕಡೆಗೆ ಕೈ ಚಾಚಿ, ಮೈಕಿನ ಕಿವಿಯನ್ನು ಚುರುಕು ಮಾಡುವ ಗುಂಡಿಯನ್ನು ಸ್ವಲ್ಪ ತಿರುಗಿಸಿದಳು. ಪಿಚಕ್. ಮತ್ತೆ ಪಿಚಕ್. ಆ ಸದ್ದಿನ ಹಿಂದೆ ಒಂದು ಗುನುಗಾದರೂ ಸಿಗುತ್ತದೇನೋ ಎಂದು ಕೇಳಿಸಿಕೊಂಡು, ಇನ್ನಷ್ಟು ತಿರುಗಿಸಿದಳು.